ಕಿಮೋ ಬೇಡ ಅನ್ನೋದಕ್ಕೆ ಒಂದು ಡಬ್ಬಿ ಬೇಕಿತ್ತು

ಕ್ಯಾನ್ಸರ್ ರೋಗಿಗಳ ಮನೆಯವರು ಆಪ್ತಸಲಹೆಗೆ ಅಂತ ನನ್ನ ಹತ್ತಿರ ತರುವ ದೂರುಗಳಲ್ಲಿ ಒಂದು ಈಚೆಗೆ ಜಾಸ್ತಿಯಾಗಿದೆ. "ಮೇಡಂ, ಅಣಬೆ ಕ್ಯಾಪ್ಸೂಲ್ ಶುರು ಮಾಡಿದ್ದಾರೆ. ಕಿಮೋ ಬಿಡ್ತೀನಿ ಅಂತಿದ್ದಾರೆ. ಅದರಿಂದ ವಾಸಿ ಆಗಲ್ಲ ಅಂತ ನೀವೇ ಒಂದು ಮಾತು ಹೇಳಿ." ಹೇಳುವುದು ಕಷ್ಟವಲ್ಲ. ಹೇಳಿದರೂ ಪ್ರಯೋಜನವಾಗುವುದಿಲ್ಲ, ಅದೇ ತೊಂದರೆ. ಯಾಕೆ ಅಂತ ಒಂದು ಪ್ರಕರಣ ಇಟ್ಟುಕೊಂಡು ಬರೆಯುತ್ತೇನೆ. ಅವರ ಒಪ್ಪಿಗೆ ಇದೆ. ಹೆಸರು ಮತ್ತು ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಸುಮಿತ್ರಮ್ಮ ಅನ್ನೋಣ. ಐವತ್ತರ ಆಸುಪಾಸು. ಮಲೆನಾಡಿನ ಕಡೆಯ ಅಡಿಕೆ ತೋಟದ ಮನೆ. ಸ್ತನ ಕ್ಯಾನ್ಸರ್. ಆಪರೇಷನ್ ಆಗಿತ್ತು, ಮೂರು ವಾರಕ್ಕೊಮ್ಮೆ ಕಿಮೋ ನಡೆಯುತ್ತಿತ್ತು. ಅರ್ಧ ಮುಗಿದಾಗ ನಾದಿನಿಯ ಮಗ ಗ್ಯಾನೋಡರ್ಮ ಎಂಬ ಅಣಬೆಯ ಕ್ಯಾಪ್ಸೂಲಿನ ಡಬ್ಬಿ ತಂದುಕೊಟ್ಟ. ಅವನು ಒಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗೆ ಸೇರಿದ್ದ. ಮುಂದಿನ ಕಿಮೋಗೆ ಇವರು ಹೋಗಲಿಲ್ಲ. ಯಜಮಾನರು ನನ್ನ ಹತ್ತಿರ ಕರೆದುಕೊಂಡು ಬಂದರು.

ಮೊದಲ ಭೇಟಿ ಡಬ್ಬಿಯ ಚರ್ಚೆಯಲ್ಲೇ ಕಳೆದುಹೋಯಿತು. ಜೊತೆಗೊಂದು ಕರಪತ್ರ. 'ಜಪಾನ್ ಸರ್ಕಾರವೇ ಒಪ್ಪಿದ ಅಣಬೆ ಔಷಧಿ' ಅಂತ ದಪ್ಪ ಅಕ್ಷರ. ಇದು ಪೂರ್ತಿ ಸುಳ್ಳಲ್ಲ, ಹಾಗಾಗಿಯೇ ಜನ ನಂಬುತ್ತಾರೆ. ಟ್ರಮೀಟಿಸ್ ವರ್ಸಿಕಲರ್ ಎಂಬ ಅಣಬೆಯಿಂದ ತೆಗೆದ ಪಿಎಸ್‌ಕೆ ಎಂಬ ಔಷಧಿಗೆ ಜಪಾನ್ 1977ರಲ್ಲಿ ಒಪ್ಪಿಗೆ ಕೊಟ್ಟಿತು. ಶಿಟಾಕೆ ಅಣಬೆಯ ಲೆಂಟಿನಾನ್‌ಗೆ 1985ರಲ್ಲಿ ಸಿಕ್ಕಿತು. ಅದನ್ನು ಕೊಡುತ್ತಿದ್ದದ್ದು ಇಂಜೆಕ್ಷನ್ ಆಗಿ. ಎರಡೂ ಮುಖ್ಯವಾಗಿ ಬಳಕೆಯಾದದ್ದು ಕಿಮೋ ಜೊತೆಯಲ್ಲಿ. ಅಂದರೆ ಕಿಮೋ ಬಿಡಿ ಎನ್ನುವುದಕ್ಕೆ ಕರಪತ್ರ ಕೊಟ್ಟ ಸಾಕ್ಷಿಯೇ ಕಿಮೋ ಪರವಾಗಿತ್ತು! ಡಬ್ಬಿಯಲ್ಲಿದ್ದ ಗ್ಯಾನೋಡರ್ಮವಂತೂ ಬೇರೆಯೇ ಅಣಬೆ. ಅದರ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 2016ರಲ್ಲಿ ಪರಿಷ್ಕರಣೆಯಾಗಿದೆ. ಐದೇ ಪ್ರಯೋಗಗಳು, ಒಟ್ಟು 373 ರೋಗಿಗಳು. ಕಿಮೋ, ರೇಡಿಯೇಷನ್ ಜೊತೆಗೆ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿದೆ. ಅದೊಂದನ್ನೇ ಕೊಟ್ಟಾಗ ಗಡ್ಡೆ ಹಾಗೆ ಕುಗ್ಗಿಲ್ಲ. ಮೊದಲ ಚಿಕಿತ್ಸೆಯಾಗಿ ಬಳಸಲು ಆಧಾರ ಸಾಲದು ಅಂತ ಅವರು ತೀರ್ಮಾನಿಸಿದರು.

ಯಜಮಾನರಿಗೆ ತಟ್ಟನೆ ಹೊಳೆಯಿತು. "ಗ್ಯಾನೋಡರ್ಮ ಅಂದ್ರೆ ನಮ್ಮ ತೋಟಕ್ಕೆ ಬರೋ ಅಣಬೆ ರೋಗದ್ದಲ್ವಾ ಮೇಡಂ? ಬುಡದಲ್ಲಿ ಅಣಬೆ ಎದ್ದರೆ ಆ ಮರ ಹೋಯ್ತು ಅಂತಲೇ ಲೆಕ್ಕ." ಹೌದು, ಅದೇ ಜಾತಿಗೆ ಸೇರಿದ್ದು. ಮೂವರೂ ನಕ್ಕೆವು. ಆದರೆ ಇದನ್ನು ವಾದವಾಗಿ ಬಳಸಲು ನಾನು ಬಿಡಲಿಲ್ಲ. ಅಡಿಕೆ ಮರ ಕೊಲ್ಲುತ್ತದೆ ಅಂದ ಮಾತ್ರಕ್ಕೆ ಮನುಷ್ಯರಿಗೆ ಔಷಧಿಯಾಗಬಾರದು ಅಂತೇನೂ ಇಲ್ಲ. ಸುಮಿತ್ರಮ್ಮ "ಕಿಮೋ ಕೆಮಿಕಲ್ಲು, ಇದು ನೈಸರ್ಗಿಕ" ಅಂದದ್ದೂ ಇದೇ ಥರದ ವಾದ. ಅವರಿಗೆ ಮುಂದೆ ಕೊಡಬೇಕಿದ್ದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಔಷಧಿ ಮೊದಲು ಸಿಕ್ಕಿದ್ದೇ ಯೂ ಎಂಬ ಮರದ ತೊಗಟೆಯಲ್ಲಿ.

ಇಷ್ಟೆಲ್ಲ ಹೇಳಿ ಏನಾಯಿತು? ಏನೂ ಇಲ್ಲ. ಸುಮಿತ್ರಮ್ಮ ಎಲ್ಲದಕ್ಕೂ ತಲೆಯಾಡಿಸಿ ಎದ್ದು ಹೋದರು. ಕಿಮೋಗೆ ಹೋಗಲಿಲ್ಲ.

ಮುಂದಿನ ಸಲ ಯಜಮಾನರನ್ನು ಹೊರಗೆ ಕೂರಿಸಿದೆ. ಅಣಬೆಯ ಸುದ್ದಿ ಎತ್ತಲೇ ಇಲ್ಲ. "ಕಿಮೋ ಹಾಕಿಸಿಕೊಂಡ ಮೇಲೆ ಮನೆ ಮುಟ್ಟೋವರೆಗೆ ಏನೇನಾಗುತ್ತೆ, ಹೇಳಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಶುರು ಮಾಡಿದರು. ಬಸ್ಸಿನಲ್ಲಿ ವಾಂತಿ. ಘಾಟಿ ತಿರುವಿನಲ್ಲಿ ಕಂಡಕ್ಟರ್ ಮುಖ ಸಿಂಡರಿಸುವುದು. ಬಾಯಿ ತುಂಬ ಹುಣ್ಣು, ಗಂಜಿಯೂ ಉರಿ. ಒಗ್ಗರಣೆ ವಾಸನೆ ಬಂದರೆ ಹಿತ್ತಲಿಗೆ ಓಡಬೇಕು. ಎಂಬತ್ತು ದಾಟಿದ ಅತ್ತೆ ಇವರ ಪಾತ್ರೆ ತೊಳೆಯುವುದು. ಕೊನೆಯದನ್ನು ಹೇಳುವಾಗಲೇ ಅವರಿಗೆ ಅಳು ಬಂದದ್ದು, ವಾಂತಿಯ ಬಗ್ಗೆ ಹೇಳುವಾಗಲ್ಲ.

"ಡಾಕ್ಟರಿಗೆ ಹೇಳಿದ್ರಾ?"

"ಅವರು ಹೇಗಿದೀರಾ ಅಂತಾರೆ. ಪರವಾಗಿಲ್ಲ ಅಂತೀನಿ. ಹಿಂದೆ ಅಷ್ಟುದ್ದ ಜನ ಕೂತಿರ್ತಾರಲ್ಲ."

ಆಮೇಲೆ ಕೇಳಿದೆ, ಕ್ಯಾಪ್ಸೂಲಿನ ಮೇಲೆ ನಿಮಗೆ ನಂಬಿಕೆ ಇದೆಯಾ? ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ. "ನಂಬಿಕೆ ಅಂತಲ್ಲ ಮೇಡಂ. ಔಷಧಿ ಬಿಟ್ಟೆ ಅಂದ್ರೆ ಎಲ್ಲರೂ ಬೈತಾರೆ. ಬೇರೆ ಔಷಧಿ ತಗೊಳ್ತಿದೀನಿ ಅಂದ್ರೆ ಯಾರೂ ಬೈಯಲ್ಲ."

ಜಪಾನು, ಕಾಕ್ರೇನು ಯಾವುದೂ ತಟ್ಟದ್ದು ಇದಕ್ಕೇ. ಅವರು ಕ್ಯಾಪ್ಸೂಲನ್ನು ಆರಿಸಿಕೊಂಡಿರಲಿಲ್ಲ, ಕಿಮೋ ಬಿಟ್ಟಿದ್ದರು. ಬಿಡುವುದಕ್ಕೆ ಮರ್ಯಾದೆಯ ದಾರಿಯೊಂದು ಡಬ್ಬಿಯ ರೂಪದಲ್ಲಿ ಮನೆಗೇ ಬಂದಿತ್ತು. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನ ನನಗೆ ಆಗ ನೆನಪಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆ ಬೇರೆ ಪದ್ಧತಿಗಳನ್ನೂ ಹಿಡಿದಿದ್ದ 258 ಮಂದಿಯಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಯಾಕೆಂದರೆ ಅವರಲ್ಲಿ ಆಪರೇಷನ್, ಕಿಮೋ, ರೇಡಿಯೇಷನ್ ಅಂತ ಯಾವುದೋ ಒಂದನ್ನು ಬೇಡ ಎಂದವರು ಜಾಸ್ತಿ. ಹೊಸದಾಗಿ ನುಂಗಿದ್ದಕ್ಕಿಂತ ಕೈಬಿಟ್ಟದ್ದೇ ಹೆಚ್ಚು ಪೆಟ್ಟು ಕೊಟ್ಟಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಈಗ ನನಗೆ ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಡಬ್ಬಿಯನ್ನೂ ಒಯ್ಯಿರಿ, ಮುಚ್ಚಿಡಬೇಡಿ. ಅವರು ನೋಡುವವರೆಗೆ ನುಂಗಬೇಡಿ. ಗ್ಯಾನೋಡರ್ಮ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಬಹುದು, ಕಿಮೋದಲ್ಲಿ ಮೊದಲೇ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಿರಬಹುದು. ಅದರ ಪುಡಿ ತಿಂದವರಿಗೆ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಇಷ್ಟರ ಮೇಲೂ ಕಿಮೋ ಬೇಡ ಅನಿಸಿದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ಬಿಟ್ಟರೆ ಏನಾಗಬಹುದು ಅಂತ ಡಾಕ್ಟರನ್ನು ಕೇಳಿ ತಿಳಿದುಕೊಂಡು, ಯಜಮಾನರ ಎದುರಿಗೆ 'ನನಗೆ ಬೇಡ' ಅಂತಲೇ ಹೇಳಿ.

ಕೊನೆಯ ಮಾತಿಗೆ ನನ್ನ ಜೊತೆ ಕೆಲಸ ಮಾಡುವವರೇ ತಕರಾರು ತೆಗೆದರು. ವಾಸಿಯಾಗುವ ಅವಕಾಶ ಇರುವವರಿಗೆ ಬಿಡುವ ಬಾಗಿಲು ತೋರಿಸಬಾರದಿತ್ತು ಅಂತ. ನಾನು ಒಪ್ಪುವುದಿಲ್ಲ. ಬಾಗಿಲು ಆಗಲೇ ತೆರೆದಿತ್ತು, ಅವರು ಅರ್ಧ ಹೊರಗೆ ಹೋಗಿಯೂ ಆಗಿತ್ತು. ಬೇಡ ಅಂತ ಬಾಯಿಬಿಟ್ಟು ಹೇಳಬಹುದು ಅಂತ ಗೊತ್ತಾದರೆ ತಾನೇ ಯಾಕೆ ಬೇಡ ಅನ್ನುವ ಮಾತು ಹೊರಗೆ ಬರುವುದು? ಕಾರಣ ಹೊರಬಂದರೆ ಎಷ್ಟೋ ಸಲ ಅದಕ್ಕೆ ಔಷಧಿ ಇರುತ್ತದೆ. ಗದರಿಸಿದ್ದರೆ ಸುಮಿತ್ರಮ್ಮ ಇನ್ನೊಂದು ಸಲ ತಲೆಯಾಡಿಸಿ ಹೋಗುತ್ತಿದ್ದರು, ಅಷ್ಟೇ.

ಡಾಕ್ಟರು ವಾಂತಿಯ ಮಾತ್ರೆ ಬದಲಿಸಿದರು, ಬಾಯಿ ಹುಣ್ಣಿಗೆ ಮುಕ್ಕಳಿಸುವ ಔಷಧಿ ಕೊಟ್ಟರು. ಕಿಮೋ ಮುಗಿಯುವವರೆಗೆ ಕ್ಯಾಪ್ಸೂಲ್ ಬೇಡ ಅಂದರು. ಯಜಮಾನರು ಬಸ್ಸು ಬಿಟ್ಟು ಪಕ್ಕದ ಮನೆಯವರ ಕಾರಿಗೆ ಮಾತಾಡಿದರು. ಪಾತ್ರೆ ತೊಳೆಯುವ ಕೆಲಸ ಅವರ ಪಾಲಿಗೇ ಬಂತು, ಸ್ವಲ್ಪ ಗೊಣಗಿದರಂತೆ. ಉಳಿದ ಕಿಮೋ ಮುಗಿದು ಈಗ ರೇಡಿಯೇಷನ್ ನಡೆಯುತ್ತಿದೆ.

ನಾದಿನಿಯ ಮಗ ನನಗೆ ಫೋನ್ ಮಾಡಿದ, ಸಿಟ್ಟಿನಲ್ಲೇ. ಅತ್ತೆಗೆ ಒಳ್ಳೆಯದಾಗಲಿ ಅಂತ ತಾನೇ ಕೊಟ್ಟದ್ದು ಅಂದ. ಸುಳ್ಳು ಅಂತ ನನಗೇನೂ ಅನಿಸಲಿಲ್ಲ. ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ, ಕರಪತ್ರ ಹಂಚಿದರೆ ನೀನೂ ಸಿಕ್ಕಿಬೀಳಬಹುದು ಅಂದೆ. ಅವನಿಗೆ ಅದು ಗೊತ್ತೇ ಇರಲಿಲ್ಲ. ಈಗ ಕರಪತ್ರ ನಿಲ್ಲಿಸಿದ್ದಾನಂತೆ. ಅದೇ ಅಣಬೆಯ ಕಾಫಿ ಪುಡಿ ಮಾತ್ರ ಮಾರುತ್ತಲೇ ಇದ್ದಾನೆ. ಕಾಫಿ ಅಂತ ಹೇಳಿ ಮಾರಿದರೆ ನನ್ನದೇನೂ ಅಭ್ಯಂತರವಿಲ್ಲ.