ಮಾಯಾ: ಸದ್ದು ಒಂದು, ಬೇರು ಹಲವು

ಪ್ರಶ್ನೆ: ಮಗಳಿಗೆ ‘ಮಾಯಾ’ ಅಂತ ಹೆಸರಿಡುವ ಆಸೆ. ಮಾಯೆ ಅಂದರೆ ಭ್ರಮೆ, ಆ ಹೆಸರು ಬೇಡ ಅನ್ನುತ್ತಾರೆ ಮನೆಯ ಹಿರಿಯರು. ಯುರೋಪಿನಲ್ಲೂ ಈ ಹೆಸರಿದೆಯಲ್ಲ, ಅದು ಸಂಸ್ಕೃತದಿಂದಲೇ ಹೋದದ್ದಾ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಇಲ್ಲ, ಸಂಸ್ಕೃತದಿಂದ ಹೋದದ್ದಲ್ಲ. ಎರಡೇ ಅಕ್ಷರದ, ನಾಲಿಗೆಗೆ ಸುಲಭವಾದ ಹೆಸರು. ಇಂಥವು ಬೇರೆ ಬೇರೆ ಕಡೆ ತಾವಾಗೇ ಹುಟ್ಟಿಕೊಳ್ಳುತ್ತವೆ.

ಗ್ರೀಕ್ ಪುರಾಣದ ಮಾಯಾ ಹರ್ಮಿಸ್ ದೇವರ ತಾಯಿ. ಗ್ರೀಕಿನಲ್ಲಿ ಆ ಪದಕ್ಕೆ ತಾಯಿ, ದಾದಿ, ಸೂಲಗಿತ್ತಿ ಅಂತೆಲ್ಲ ಅರ್ಥವಿತ್ತು. ಪ್ಲೀಯಡೀಸ್ ಎಂಬ ಏಳು ಅಕ್ಕತಂಗಿಯರಲ್ಲಿ ಅವಳೇ ಹಿರಿಯಳು. ಪ್ಲೀಯಡೀಸ್ ಅಂದರೆ ನಾವು ಕೃತ್ತಿಕೆ ಎನ್ನುವ ನಕ್ಷತ್ರಗಳ ಗುಂಪು. ಅದರಲ್ಲಿ ಒಂದು ನಕ್ಷತ್ರಕ್ಕೆ ಈಗಲೂ ಮಾಯಾ ಎಂದೇ ಹೆಸರು. ನಮ್ಮ ಪುರಾಣದಲ್ಲೋ, ಕೃತ್ತಿಕೆಯರು ಕಾರ್ತಿಕೇಯನಿಗೆ ಹಾಲೂಡಿಸಿದ ತಾಯಂದಿರು. ಮಜವಾಗಿದೆ, ಅಲ್ವಾ? ಆದರೆ ಇಷ್ಟಕ್ಕೇ ಎರಡು ಹೆಸರಿಗೂ ನಂಟು ಕಟ್ಟಲು ಹೋಗಬೇಡಿ. ಸದ್ದು ಹೊಂದಿದರೆ ಸಾಲದು, ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದು ಬಂದ ದಾರಿಯೂ ಕಾಣಬೇಕು.

ಸ್ವೀಡನ್, ಜರ್ಮನಿ ಕಡೆ ಮಾಯಾ ಎನ್ನುವುದು ಎಷ್ಟೋ ಸಲ ಮರಿಯಾ ಹೆಸರಿನ ಮುದ್ದಿನ ರೂಪ. ಹೀಬ್ರೂ ಮಾತನಾಡುವವರು ಇದನ್ನು ನೀರು ಎಂಬರ್ಥದ ‘ಮಾಯಿಮ್’ ಪದಕ್ಕೆ ಹೊಂದಿಸುತ್ತಾರೆ. ಅಮೆರಿಕದ ಲೇಖಕಿ ಮಾಯಾ ಏಂಜೆಲೊ ಅವರ ಕಥೆ ಇನ್ನೂ ಚೆಂದ. 1928ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮಾರ್ಗರೀಟ್. ಅಣ್ಣ ‘ನನ್ನ ತಂಗಿ’ ಅನ್ನಲು ಇಂಗ್ಲಿಷಿನ ‘ಮೈ’ (ಅಂದರೆ ‘ನನ್ನ’), ‘ಮಾಯಾ’ ಎಂದು ಕರೆದದ್ದೇ ಉಳಿದುಬಿಟ್ಟಿತು. ಅಲ್ಲಿ ಯಾವ ಪುರಾಣವೂ ಇಲ್ಲ!

ಇನ್ನು ಹಿರಿಯರ ಮಾತು. ಭ್ರಮೆ ಎಂಬ ಅರ್ಥ ಸುಳ್ಳಲ್ಲ, ಆದರೆ ಅದು ವೇದಾಂತದ ಚರ್ಚೆಗಳಲ್ಲಿ ಗಟ್ಟಿಯಾದದ್ದು. ಋಗ್ವೇದದಲ್ಲಿ ಮಾಯೆ ಅಂದರೆ ಹೆಚ್ಚಾಗಿ ಅದ್ಭುತ ಶಕ್ತಿ, ಜಾಣ್ಮೆ. ಅದೇ ಪದ ನೇಪಾಳಿಯಲ್ಲಿ ಪ್ರೀತಿ ಆಯಿತು, ಮರಾಠಿಯಲ್ಲಿ ಅಕ್ಕರೆ ಆಯಿತು. ಬುದ್ಧನ ತಾಯಿಯ ಹೆಸರೂ ಮಾಯಾದೇವಿ. ಇಷ್ಟು ಹೇಳಿದರೆ ಹಿರಿಯರು ಒಪ್ಪಬಹುದು. ನನ್ನನ್ನು ಕೇಳಿದರೆ, ಸುಮ್ನೆ ಇಟ್ಟುಬಿಡಿ.

ಒಂದು ಸಣ್ಣ ತೊಡಕಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ‘ಮಾಯಾ’ ಮತ್ತು ಅಸುರರ ಶಿಲ್ಪಿ ‘ಮಯ’ ಎರಡಕ್ಕೂ ಕಾಗುಣಿತ ಒಂದೇ ಆಗಿಬಿಡುತ್ತದೆ. ಕನ್ನಡದಲ್ಲಿ ಬರೆಯುವಾಗ ದೀರ್ಘ ಬಿಡಬೇಡಿ.