ಫ್ಯೂಯಲ್ ಟ್ರಿಮ್ ಐಡಲ್‌ನಲ್ಲಿ +18, 2500ರಲ್ಲಿ +4: ಮೊದಲು ಸೋರಿಕೆ ಹುಡುಕಿ

ಹೊಸ ಇನ್‌ಟೇಕ್ ಹಾಕಿದ ಮೇಲೆ ಲಾಂಗ್ ಟರ್ಮ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಕಲಿತು ಪೆಟ್ರೋಲ್‌ಗೆ ಮಾಡುವ ಶೇಕಡಾವಾರು ತಿದ್ದುಪಡಿ) ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದಿದ್ದಾಗ) +18, 2500 ಆರ್‌ಪಿಎಂನಲ್ಲಿ +4 ತೋರಿಸುತ್ತಿದೆ, ಮಾಫ್ ಟೇಬಲ್ (ಗಾಳಿ ಅಳೆಯುವ ಮಾಫ್ ಸೆನ್ಸರ್‌ನ ಯಾವ ವೋಲ್ಟೇಜ್‌ಗೆ ಎಷ್ಟು ಗಾಳಿ ಅನ್ನುವ ಪಟ್ಟಿ) ತಿದ್ದಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ಮಾಫ್ ಸೆನ್ಸರ್ ದಾಟಿದ ಮೇಲೆ ಎಲ್ಲೋ ಅಳತೆಗೆ ಸಿಗದ ಗಾಳಿ ನುಸುಳುತ್ತಿರುವ ಲಕ್ಷಣ ಇದು. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ ಅಲ್ವಾ, ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ. ಆರ್‌ಪಿಎಂ ಏರಿದಂತೆ ಆ ಪಾಲು ಕರಗುತ್ತದೆ. ಪೆಟ್ರೋಲ್ ಪಂಪ್ ಸೋತಿದ್ದರೆ ಉಲ್ಟಾ, ಲೋಡ್ ಜಾಸ್ತಿಯಾದಂತೆ ಟ್ರಿಮ್ ಏರುತ್ತಿತ್ತು.

ಸ್ಮೋಕ್ ಟೆಸ್ಟ್ (ಇನ್‌ಟೇಕ್‌ಗೆ ಹೊಗೆ ಬಿಟ್ಟು ಎಲ್ಲಿ ಹೊರಬರುತ್ತದೆ ಅಂತ ನೋಡುವುದು) ಮಾಡಿಸಿ. ನೀವು ಬಿಚ್ಚಿ ಹಾಕಿದ ಕ್ಲಾಂಪ್, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಮರಳಿಸುವುದು), ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಈ ಮೂರನ್ನು ನಾನಾದರೆ ಮೊದಲು ನೋಡುತ್ತೇನೆ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಸೋರಿದರೂ ಸುಳ್ಳು ಲೀನ್ (ಪೆಟ್ರೋಲ್ ಕಡಿಮೆ ಅನ್ನುವ ರೀಡಿಂಗ್) ಕಾಣುತ್ತದೆ, ಅದನ್ನೂ ಮರೆಯಬೇಡಿ. ಸೋರಿಕೆ ಇಟ್ಟುಕೊಂಡೇ ಟೇಬಲ್ ತಿದ್ದಿದರೆ, ಅದು ಮುಚ್ಚಿದ ದಿನ ಎಂಜಿನ್ ರಿಚ್ (ಪೆಟ್ರೋಲ್ ಜಾಸ್ತಿಯಾಗಿ) ಓಡುತ್ತದೆ.

ಸರಿಯಾದ ಮೇಲೆ ಟ್ರಿಮ್ ರೀಸೆಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಲಾಗ್ ತೆಗೆಯಿರಿ. ಪ್ರತಿ ಮಾಫ್ ವೋಲ್ಟೇಜ್‌ಗೆ ಶಾರ್ಟ್ (ಕ್ಷಣಕ್ಷಣದ ತಿದ್ದುಪಡಿ), ಲಾಂಗ್ ಎರಡೂ ಟ್ರಿಮ್‌ಗಳನ್ನು ಕೂಡಿಸಿ. ಒಟ್ಟು +6 ಬಂದರೆ ಆ ಜಾಗದ ಅಂಕಿಯನ್ನು 1.06ರಿಂದ ಗುಣಿಸಿ. ಅಕ್ಕಪಕ್ಕದ ಅಂಕಿಗಳ ಜೊತೆ ಗೆರೆ ನಯವಾಗಿರಲಿ. ಫುಲ್ ಥ್ರಾಟಲ್‌ಗೆ ಮಾತ್ರ ಟ್ರಿಮ್ ನಂಬಬೇಡಿ, ಅಲ್ಲಿ ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತವನ್ನು ನಿಖರವಾಗಿ ಅಳೆಯುವ ಆಕ್ಸಿಜನ್ ಸೆನ್ಸರ್) ಬೇಕೇ ಬೇಕು.