ಎರಡು ವರ್ಷದ ಯಜಮಾನರಿರುವ ಮನೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಂದ ಬಂದಿವೆ. ಕಾಯಿಲೆಯ ಬಗ್ಗೆ ಕೇಳಿದವರು ಕಡಿಮೆ. ಹವ್ಯಾಸ, ಹುಟ್ಟುಹಬ್ಬ, ತಿರುಗಾಟಗಳ ಬಗ್ಗೆ ಕೇಳಿದವರೇ ಹೆಚ್ಚು. ಅವುಗಳಲ್ಲಿ ಐದು ಪತ್ರಗಳನ್ನು ಆರಿಸಿಕೊಂಡು ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಜಲವರ್ಣದಲ್ಲಿ ಚಿತ್ರ ಬಿಡಿಸುವುದು ನನ್ನ ಬಹುದಿನದ ಹವ್ಯಾಸ. ಮಗನಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಅವನು ಹುಟ್ಟಿದ ಮೇಲೆ ಕುಂಚ ಮುಟ್ಟಿಲ್ಲ. ಅವನು ಮಲಗಿದ ಮೇಲೆ ಕೂರೋಣವೆಂದರೆ ಅಷ್ಟು ಹೊತ್ತಿಗೆ ನನಗೇ ಕಣ್ಣು ಎಳೆಯುತ್ತದೆ. ಅವನು ಎಚ್ಚರವಿದ್ದಾಗ ಕೂತರೆ ಕಾಗದವನ್ನೇ ಕಿತ್ತುಕೊಳ್ಳುತ್ತಾನೆ. ಅವನು ಶಾಲೆಗೆ ಹೋಗುವವರೆಗೆ ಇದನ್ನು ಮರೆತುಬಿಡುವುದೇ ಒಳ್ಳೆಯದೇ?

ಉತ್ತರ: ಮರೆಯಬೇಡಿ. ಹವ್ಯಾಸವನ್ನು ಪೆಟ್ಟಿಗೆಯಲ್ಲಿಟ್ಟು ನಾಲ್ಕು ವರ್ಷದ ನಂತರ ತೆರೆದರೆ ಒಣಗಿರುವುದು ಬಣ್ಣ ಮಾತ್ರವಲ್ಲ, ಕೈಯೂ ಒಣಗಿರುತ್ತದೆ. ಆದರೆ ಎರಡು ಗಂಟೆ ಅಲುಗಾಡದೆ ಕೂತು ಒಂದು ಚಿತ್ರ ಮುಗಿಸುವ ಹಳೆಯ ಲೆಕ್ಕವನ್ನು ಸದ್ಯಕ್ಕೆ ಬಿಡಬೇಕಾಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಆಗುವಷ್ಟನ್ನೇ ಹಿಡಿದುಕೊಳ್ಳಿ: ಕಿಟಕಿಯಾಚೆ ಕಾಣುವ ಒಂದೇ ಕೊಂಬೆ, ಒಂದು ಬಟ್ಟಲಿನ ನೆರಳು, ಒಂದೇ ಬಣ್ಣದ ಮೂರು ಛಾಯೆ. ಇಂದು ಅರ್ಧಕ್ಕೆ ನಿಂತರೆ ನಾಳೆ ಅದೇ ಕೊಂಬೆ ಅಲ್ಲೇ ಇರುತ್ತದೆ.

ಮಗ ಕಾಗದ ಕಿತ್ತುಕೊಳ್ಳುವುದು ನಿಮ್ಮನ್ನು ತಡೆಯಲೆಂದಲ್ಲ. ಅಮ್ಮನ ಕೈಯಲ್ಲಿರುವುದು ತನಗೂ ಬೇಕು, ಅಷ್ಟೆ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪುಟ್ಟ ಮಕ್ಕಳ ಆಟದ ಬಗೆಗಳನ್ನು ವಿಂಗಡಿಸಿದಾಗ ಒಂದು ಬಗೆಗೆ ‘ಸಮಾನಾಂತರ ಆಟ’ ಎಂದು ಹೆಸರಿಟ್ಟರು: ಮಕ್ಕಳು ಅಕ್ಕಪಕ್ಕ ಕೂತು, ಒಂದೇ ಥರದ ಸಾಮಾನು ಹಿಡಿದು, ತಂತಮ್ಮ ಪಾಡಿಗೆ ಆಡುತ್ತಿರುತ್ತಾರೆ. ಪಾರ್ಟನ್ ಹೇಳಿದ್ದು ಮಕ್ಕಳ ಗುಂಪಿನ ಬಗ್ಗೆ. ಆದರೆ ತಾಯಿಯೂ ಮಗುವೂ ಹಾಗೆ ಕೂರಬಹುದೆಂಬುದನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ. ಅವನಿಗೆ ಒಂದು ದಪ್ಪ ಕುಂಚವನ್ನೂ ತಳದಲ್ಲಿ ಸ್ವಲ್ಪವೇ ನೀರಿರುವ ಒಂದು ಬಟ್ಟಲನ್ನೂ ಕೊಡಿ. ಬಣ್ಣ ಬೇಡ, ಕಾಗದವೂ ಬೇಡ, ಬಿಸಿಲು ಬೀಳುವ ಒರಟು ನೆಲ ಸಾಕು. ಕುಂಚವನ್ನು ಮುಷ್ಟಿಯಲ್ಲಿ ಹಿಡಿದು ಅವನು ಎಳೆದ ಗೆರೆ ಮೊದಲು ಕಪ್ಪಗೆ ಕಾಣುತ್ತದೆ, ನೋಡನೋಡುತ್ತಲೇ ಅಂಚಿನಿಂದ ಆರುತ್ತ ಬರುತ್ತದೆ, ಕೊನೆಗೆ ನಡುವಿನ ಒಂದು ಚುಕ್ಕೆಯಾಗಿ ಉಳಿದು ಅದೂ ಮಾಯವಾಗುತ್ತದೆ. ಅವನು ತಲೆಯೆತ್ತಿ ನಿಮಗೆ ‘ಇಲ್ಲ’ ಎಂದು ವರದಿ ಒಪ್ಪಿಸಿ ಮತ್ತೆ ಕುಂಚವನ್ನು ಅದ್ದುತ್ತಾನೆ. ಈ ಆಟ ಮುಗಿಯುವುದಿಲ್ಲ, ಏಕೆಂದರೆ ಅದರಲ್ಲಿ ಮುಗಿಸುವಂಥದ್ದೇನೂ ಇಲ್ಲ. ಅಷ್ಟರಲ್ಲಿ ನಿಮ್ಮ ಕೊಂಬೆ ಆಗಿರುತ್ತದೆ. ಏಳುವಾಗ ಬಟ್ಟಲನ್ನು ಚೆಲ್ಲಿಯೇ ಏಳಿ. ಈ ವಯಸ್ಸಿನ ಮಗುವಿಗೆ ಕೆಲವೇ ಅಂಗುಲ ಆಳದ ನೀರೂ ಅಪಾಯವೇ.

ಸಾಮಾನಿನ ಬಗ್ಗೆ ಇನ್ನೊಂದು ಮಾತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳಬಲ್ಲದೆಂದು ಲೆಕ್ಕ. ಬಣ್ಣದ ಕೊಳವೆಯ ಮುಚ್ಚಳ, ರಬ್ಬರು, ಪೆನ್ಸಿಲ್ ಚೂಪು ಮಾಡುವ ಸಾಧನ ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಪುಟ್ಟ ದೀಪಗಳಲ್ಲೂ ಹಾಡುವ ಆಟಿಕೆಗಳಲ್ಲೂ ಇರುವ ಗುಂಡಿಯಾಕಾರದ ಬ್ಯಾಟರಿ: ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ತೀವ್ರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಮಗಳ ಎರಡನೆಯ ಹುಟ್ಟುಹಬ್ಬ ಹತ್ತಿರ ಬರುತ್ತಿದೆ. ಮೊದಲ ವರ್ಷ ನೂರಕ್ಕೂ ಹೆಚ್ಚು ಜನರನ್ನು ಕರೆದಿದ್ದೆವು. ಅವಳು ಆರಂಭದಿಂದ ಕೊನೆಯವರೆಗೆ ಅತ್ತಳು. ಈ ಸಲ ಮನೆಯವರಷ್ಟೇ ಸಾಕೆಂದು ನಾನೂ ನನ್ನ ಗಂಡನೂ ಅಂದುಕೊಂಡಿದ್ದೇವೆ. ಅತ್ತೆ ಮಾವನವರಿಗೆ ಇದು ಬೇಸರ ತಂದಿದೆ, ‘ಇರುವವಳೊಬ್ಬಳೇ ಮೊಮ್ಮಗಳು’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ದೊಡ್ಡವರಾದ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದೇನೂ ನೆನಪಿನಲ್ಲಿ ಉಳಿದಿರುವುದಿಲ್ಲ. ಹಾಗಾಗಿ ಎರಡನೆಯ ಹುಟ್ಟುಹಬ್ಬ ಮಗುವಿನ ನೆನಪಿಗಾಗಿ ಅಲ್ಲ, ಹಿರಿಯರ ಸಂತೋಷಕ್ಕಾಗಿ. ಅದರಲ್ಲಿ ತಪ್ಪೇನೂ ಇಲ್ಲ. ಎರಡು ವರ್ಷ ಎತ್ತಿ ಆಡಿಸಿದವರಿಗೆ ಒಂದು ದಿನ ಹಿಗ್ಗುವ ಹಕ್ಕಿದೆ. ಇದನ್ನು ಮನಸ್ಸಿನಲ್ಲಿ ಒಪ್ಪಿಕೊಂಡರೆ ಜಗಳದ ಅರ್ಧ ಭಾಗ ಕರಗುತ್ತದೆ. ಉಳಿದರ್ಧ ಆ ದಿನದ ಅಳುವಿನದು, ಅದಕ್ಕೆ ವ್ಯವಸ್ಥೆ ಬೇಕು.

ಒಂದು ವರ್ಷದ ಮಗು ನೂರು ಜನರ ನಡುವೆ ಅತ್ತದ್ದು ಅಪಶಕುನವೂ ಅಲ್ಲ, ಮೊಂಡುತನವೂ ಅಲ್ಲ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ತಾಯ್ತಂದೆಯರಿಂದ ದೂರವಾಗುವ ಭಯ ಅತಿ ಹೆಚ್ಚಾಗಿರುತ್ತದೆ, ಅಪರಿಚಿತರ ಅಂಜಿಕೆಯೂ ಆಗ ಜೊತೆಗಿರುತ್ತದೆ. ಅಂಥ ಹೊತ್ತಿನಲ್ಲಿ ಕೈಯಿಂದ ಕೈಗೆ ದಾಟಿಸಿದರೆ ಯಾವ ಮಗು ತಾನೇ ಸುಮ್ಮನಿರುತ್ತದೆ? ಎರಡರ ಹೊತ್ತಿಗೆ ಸ್ವಲ್ಪ ಧೈರ್ಯ ಬಂದಿರುತ್ತದೆ, ಗದ್ದಲ ತಡೆಯುವಷ್ಟಲ್ಲ. ಆದ್ದರಿಂದ ಅತ್ತೆ ಮಾವನವರೊಂದಿಗೆ ಜನರ ಸಂಖ್ಯೆಯ ಬಗ್ಗೆ ವಾದಿಸುವ ಬದಲು ಹೊತ್ತಿನ ಬಗ್ಗೆ ಮಾತಾಡಿ. ಅವಳು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ ಒಂದೂವರೆ ಗಂಟೆ, ಅದಕ್ಕಿಂತ ಹೆಚ್ಚು ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಎರಡು ತುಂಬಿದ ದಿನವೇ ಆ ಲೆಕ್ಕ ಬದಲಾಗುವುದಿಲ್ಲ. ಸಮಾರಂಭವೆಂದು ಆ ಒಂದು ನಿದ್ದೆ ತಪ್ಪಿಸಿದರೆ ಅದರ ಬೆಲೆಯನ್ನು ಸಂಜೆ ಎಲ್ಲರೂ ಸೇರಿ ತೆರಬೇಕಾಗುತ್ತದೆ. ಕರೆಯಬೇಕಾದವರು ಹೆಚ್ಚಿದ್ದರೆ ಒಂದೇ ದಿನ ಎಲ್ಲರನ್ನೂ ತುಂಬಿಕೊಳ್ಳದೆ ಅಜ್ಜಿ ತಾತನ ಕಡೆಯವರಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಒಂದೇ ಹುಟ್ಟುಹಬ್ಬ ಎರಡು ಸಲ ಬಂದರೆ ಅವಳ ಆಕ್ಷೇಪವೇನೂ ಇರಲಾರದು.

ಬಂದವರಿಗೆಲ್ಲ ಮೊದಲೇ ಹೇಳಿಡಬೇಕಾದ ಮಾತು ಒಂದಿದೆ: ಅವಳಾಗಿಯೇ ಹತ್ತಿರ ಬರುವವರೆಗೆ ಎತ್ತಿಕೊಳ್ಳಬೇಡಿ, ಮುತ್ತು ಕೇಳಬೇಡಿ. ಇದನ್ನು ಸೊಸೆ ಹೇಳುವುದಕ್ಕಿಂತ ಅಜ್ಜಿಯೇ ಹೇಳಿದರೆ ಚೆನ್ನ. ಆ ಅಧಿಕಾರವನ್ನು ಅವರ ಕೈಗೇ ಕೊಟ್ಟುಬಿಡಿ, ಬೇಸರವೂ ಇಳಿಯುತ್ತದೆ. ಇನ್ನು ಬಲೂನು. ಊದಿದ್ದು ಢಂ ಎಂದು ಹೆದರಿಸುತ್ತದೆ, ಅದು ಸಣ್ಣ ಮಾತು. ಒಡೆದ ಚೂರೂ ಊದದೆ ಬಿದ್ದಿರುವ ರಬ್ಬರ್ ಬಲೂನೂ ಬಾಯಿಗೆ ಹೋದರೆ ಉಸಿರಿನ ದಾರಿಗೆ ಅಂಟಿಕೊಂಡು ಮುಚ್ಚಿಬಿಡುತ್ತವೆ. ಅಲಂಕಾರಕ್ಕೆ ಬಣ್ಣದ ಕಾಗದವೇ ಸಾಕು.

ಪ್ರಶ್ನೆ: ಎರಡೂಕಾಲು ವರ್ಷದ ಮಗನಿಗೆ ಆನೆ ತೋರಿಸೋಣವೆಂದು ಮೂರು ಗಂಟೆ ಕಾರು ಓಡಿಸಿಕೊಂಡು ಮೃಗಾಲಯಕ್ಕೆ ಹೋದೆವು. ಅವನು ಆನೆಯ ಕಡೆ ಒಮ್ಮೆಯೂ ಸರಿಯಾಗಿ ನೋಡಲಿಲ್ಲ. ಬೇಲಿಯ ಬುಡದಲ್ಲಿ ಹರಿಯುತ್ತಿದ್ದ ಇರುವೆಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತವನು ಏಳಲೇ ಇಲ್ಲ. ಹೊರಡುವಾಗ ನೆಲಕ್ಕೆ ಬಿದ್ದು ಹೊರಳಾಡಿದ. ಇಷ್ಟು ಚಿಕ್ಕವರನ್ನು ಹೊರಗೆ ಕರೆದುಕೊಂಡು ಹೋಗುವುದೇ ವ್ಯರ್ಥವೇ?

ಉತ್ತರ: ನಿಮ್ಮ ಮಗ ಮೃಗಾಲಯ ನೋಡಲಿಲ್ಲವೆಂದು ಯಾರು ಹೇಳಿದರು? ಅವನ ಎತ್ತರಕ್ಕೆ ಕಂಡ ಪ್ರಾಣಿಯನ್ನು ಅವನು ನೋಡಿದ್ದಾನೆ. ಆನೆ ದೂರದಲ್ಲಿ, ಬೇಲಿಯಾಚೆ, ಹೆಚ್ಚಿನ ಹೊತ್ತು ಸುಮ್ಮನೆ ನಿಂತಿರುತ್ತದೆ. ಇರುವೆಗಳು ಅವನ ಮೂಗಿನ ಕೆಳಗೇ ಓಡಾಡುತ್ತವೆ, ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ, ಕಡ್ಡಿಯಿಟ್ಟರೆ ದಾರಿ ಬದಲಿಸುತ್ತವೆ. ಅವನ ಜಾಗದಲ್ಲಿ ನಾನಿದ್ದರೂ ಇರುವೆಯನ್ನೇ ಆರಿಸಿಕೊಳ್ಳುತ್ತಿದ್ದೆನೇನೋ.

ವ್ಯರ್ಥವಾದದ್ದು ತಿರುಗಾಟವಲ್ಲ, ದೂರ. ಆ ಆರು ಗಂಟೆಯ ಪ್ರಯಾಣ ನಿಮ್ಮ ಆಸೆಯ ಅಳತೆಯದು; ಅವನ ಅಳತೆಗೆ ಮನೆಯಿಂದ ಹತ್ತು ನಿಮಿಷ ದೂರದ ಉದ್ಯಾನ ಸಾಕು, ಅದೂ ವಾರಕ್ಕೊಂದು ಹೊಸ ಉದ್ಯಾನವಲ್ಲ, ಅದೇ ಉದ್ಯಾನ. ಮೂರನೆಯ ಸಲ ಹೋದಾಗ ಅವನು ಗೇಟಿನಲ್ಲೇ ಕೈ ಬಿಡಿಸಿಕೊಂಡು ತಾನು ಕಳೆದ ಸಲ ಕಲ್ಲು ಪೇರಿಸಿದ ಜಾಗಕ್ಕೆ ಓಡುತ್ತಾನೆ. ‘ನನ್ನ ಜಾಗ’ ಎಂಬ ಭಾವನೆ ಅವನಲ್ಲಿ ಮೂಡುವುದು ಹೀಗೆಯೇ. ಹಿಂದಿನ ಉತ್ತರದಲ್ಲಿ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಈ ವಯಸ್ಸಿನವರಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ಓಡಾಟ ಬೇಕೆನ್ನುತ್ತದೆ, ತಳ್ಳುಗಾಡಿಯಲ್ಲೋ ಆಸನದಲ್ಲೋ ಒಂದೇ ಸಮ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದೆಂದೂ ಎಚ್ಚರಿಸುತ್ತದೆ. ಸಣ್ಣ ದೂರದ ನಡಿಗೆ ಎರಡನ್ನೂ ಒಟ್ಟಿಗೆ ಪೂರೈಸುತ್ತದೆ. ಆದರೆ ನೀವು ಅವನ ವೇಗದಲ್ಲಿ ನಡೆಯಬೇಕು, ಪ್ರತಿ ಚರಂಡಿಯ ಮುಚ್ಚಳದ ಮೇಲೂ ನಿಲ್ಲಬೇಕು. ಇದು ಅಪ್ಪಂದಿರಿಗೆ ಕೊಂಚ ಕಷ್ಟವೆಂದು ಬಲ್ಲೆ.

ದೂರದ ಪ್ರಯಾಣ ತಪ್ಪದಿದ್ದರೆ ಗಂಟೆಗೊಮ್ಮೆ ನಿಲ್ಲಿಸಿ, ಇಳಿಸಿ, ಓಡಾಡಿಸಿ. ಕಾರಿನಲ್ಲಿ ಮಡಿಲು ಸುರಕ್ಷಿತವಲ್ಲ. ಮಕ್ಕಳ ಆಸನವೇ ಬೇಕು, ಆ ಆಸನದ ಎತ್ತರ ತೂಕದ ಮಿತಿ ಮೀರುವವರೆಗೆ ಅದು ಹಿಂಬದಿಗೆ ಮುಖ ಮಾಡಿರುವುದೇ ಒಳ್ಳೆಯದು. ನಿದ್ದೆ ಹತ್ತಿದೆಯೆಂದು ನಿಲ್ಲಿಸಿದ ಕಾರಿನಲ್ಲಿ ಒಂದು ಕ್ಷಣವೂ ಬಿಟ್ಟು ಹೋಗಬೇಡಿ: ಹತ್ತೇ ನಿಮಿಷದಲ್ಲಿ ಒಳಗಿನ ಶಾಖ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಜನಜಂಗುಳಿಯ ಜಾಗವಾದರೆ ಹೊರಡುವ ಮುನ್ನ ಆ ದಿನದ ಬಟ್ಟೆಯಲ್ಲೇ ಅವನದೊಂದು ಫೋಟೋ ತೆಗೆದುಕೊಂಡಿರಿ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾರಿಗೂ ನೆನಪಾಗುವುದಿಲ್ಲ.

ನೆಲಕ್ಕೆ ಬಿದ್ದು ಹೊರಳಾಡಿದ ವಿಷಯ. ‘ಐದು ನಿಮಿಷದಲ್ಲಿ ಹೊರಡೋಣ’ ಎಂದು ನೀವು ಹೇಳಿರಬಹುದು. ಎರಡು ವರ್ಷದ ಮಗುವಿಗೆ ಐದು ನಿಮಿಷವೆಂದರೆ ಏನೂ ಅಲ್ಲ. ‘ಇನ್ನೆರಡು ಸಲ ಜಾರುಬಂಡಿ, ಆಮೇಲೆ ಚಪ್ಪಲಿ’ ಎಂದರೆ ಅದನ್ನು ಬೆರಳಿನಲ್ಲಿ ಎಣಿಸಿ ತೋರಿಸಬಹುದು. ಇರುವೆಗಳಿಗೆ ಟಾಟಾ ಮಾಡಲು ಸಮಯ ಕೊಡಿ. ಇಷ್ಟಾದ ಮೇಲೂ ಅತ್ತರೆ ಎತ್ತಿಕೊಂಡು, ದನಿ ಏರಿಸದೆ, ಹೇಳಿದ ಮಾತಿನಂತೆ ಹೊರಟುಬಿಡಿ. ಸುತ್ತಲಿನವರು ನೋಡುತ್ತಾರೆ, ನೋಡಲಿ; ಅವರಲ್ಲಿ ಅರ್ಧ ಜನ ತಮ್ಮ ಮಕ್ಕಳನ್ನು ನೆನಪಿಸಿಕೊಳ್ಳುತ್ತಿರುತ್ತಾರೆ.

ಪ್ರಶ್ನೆ: ನೆಂಟರ ಮನೆಗೆ ಹೋದಾಗ ಒಂದೂವರೆ ವರ್ಷದ ಮಗಳ ಕೈಗೆ ಮೊಬೈಲ್ ಕೊಟ್ಟರೆ ಮಾತ್ರ ನಮಗೆ ನಾಲ್ಕು ಮಾತಾಡಲು ಆಗುತ್ತದೆ. ಇದು ಅಷ್ಟು ಕೆಟ್ಟದ್ದೇ?

ಉತ್ತರ: ಒಂದು ವರ್ಷದವರಿಗೆ ಪರದೆ ಬೇಡವೇ ಬೇಡ, ಎರಡರ ನಂತರ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಮೇಲೆ ಹೇಳಿದ ಮಾರ್ಗಸೂಚಿಯ ಸಲಹೆ. ದೂರದಲ್ಲಿರುವ ಅಜ್ಜಿ ತಾತನೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಿಸುವುದಕ್ಕೆ ಮಕ್ಕಳ ವೈದ್ಯರು ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ, ಏಕೆಂದರೆ ಆಚೆ ಕಡೆ ಮರುಮಾತಾಡುವ ಮನುಷ್ಯರಿರುತ್ತಾರೆ. ನೆಂಟರ ಮನೆಗೆಂದೇ ಒಂದು ಚಿಕ್ಕ ಚೀಲ ಮಾಡಿಟ್ಟುಕೊಳ್ಳಿ: ಮುಚ್ಚಳ ತೆಗೆದು ಹಾಕುವ ಒಂದು ಡಬ್ಬಿ, ಅದರೊಳಗೆ ತುಂಬಲು ನಾಲ್ಕು ಬಟ್ಟೆಯ ತುಂಡು, ದಪ್ಪ ಹಾಳೆಯ ಒಂದು ಪುಸ್ತಕ. ಆ ಚೀಲ ಮನೆಯಲ್ಲಿ ಕೈಗೆ ಸಿಗಬಾರದು, ಅದೇ ಅದರ ಗುಟ್ಟು. ಎಂದೋ ಒಂದು ದಿನ ಮೊಬೈಲ್ ಕೊಟ್ಟಿರೆಂದು ನಿಮ್ಮನ್ನು ನೀವೇ ಶಪಿಸಿಕೊಳ್ಳಬೇಕಾಗಿಲ್ಲ. ಅದು ರೂಢಿಯಾಗದಂತೆ ನೋಡಿಕೊಂಡರಾಯಿತು.

ಪ್ರಶ್ನೆ: ಮೂರು ತುಂಬುತ್ತಿರುವ ಮಗನಿಗೆ ಮನೆಯಲ್ಲಿ ಇಪ್ಪತ್ತು ಪುಸ್ತಕಗಳಿವೆ. ಆದರೆ ಎರಡು ತಿಂಗಳಿಂದ ಪ್ರತಿ ರಾತ್ರಿ ಒಂದೇ ಪುಸ್ತಕ! ನನಗೆ ಬಾಯಿಪಾಠವಾಗಿ ಬೇಜಾರೂ ಬಂದಿದೆ. ಬಚ್ಚಿಡಬಹುದೇ?

ಉತ್ತರ: ಬಚ್ಚಿಡಬೇಡಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿ, ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿದರು. ಹೊಸ ಪದಗಳು ಎರಡೂ ಕಡೆ ಅಷ್ಟೇ ಸಲ ಕಿವಿಗೆ ಬಿದ್ದರೂ ಅವನ್ನು ಚೆನ್ನಾಗಿ ಕಲಿತವರು ಒಂದೇ ಕಥೆ ಕೇಳಿದ ಮಕ್ಕಳು. ಮುಂದೇನಾಗುತ್ತದೆಂದು ಗೊತ್ತಿರುವ ಕಡೆ ಗಮನವೆಲ್ಲ ಮಾತಿನ ಮೇಲೆ ಕೂರುತ್ತದೆ. ಮೊದಲ ಪತ್ರದ ಹುಡುಗ ಆರಿದ ಗೆರೆಯನ್ನು ಮತ್ತೆ ಎಳೆಯುವುದೂ ನಿಮ್ಮ ಮಗ ಅದೇ ಪುಸ್ತಕ ತರುವುದೂ ಒಂದೇ ಕೆಲಸ. ಬೇಜಾರು ಕಳೆಯಬೇಕಿದ್ದರೆ ಇಂದು ರಾತ್ರಿ ಒಂದು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ನೋಡಿ, ಉಳಿದದ್ದನ್ನು ಅವನೇ ಹೇಳುತ್ತಾನೆ. ಪುಟ ಹಾರಿಸುವ ಸಾಹಸಕ್ಕೆ ಮಾತ್ರ ಕೈಹಾಕಬೇಡಿ. ನಾನು ಒಮ್ಮೆ ಹಾರಿಸಿದ್ದೆ, ಮಗಳು ಏನೂ ಅನ್ನದೆ ಹಾಳೆಯನ್ನು ಹಿಂದಕ್ಕೆ ಮಗುಚಿ, ಬಿಟ್ಟ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾನು ಓದುವವರೆಗೆ ಕಾದಳು.